ಹೈಡ್ರೋಮೀಟರ್ ಕೆಟ್ಟಿಲ್ಲ, ನಿಮ್ಮ ನೀರು ಕಾದಿದೆ

ಬೇಸಿಗೆ ಶುರುವಾಯಿತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ದೂರಿನವು. ಹಾಲಿನವರು, ಬೆಲ್ಲದ ಗಾಣದವರು, ಬ್ಯಾಟರಿ ಅಂಗಡಿಯವರು, ಈಗ ಹೊಸದಾಗಿ ಬಿಯರ್‌ನವರು. ಎಲ್ಲರ ಕೈಯಲ್ಲೂ ಒಂದು ಗಾಜಿನ ಕೊಳವೆ, ದ್ರವವು ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ತೇಲಿ ತೋರಿಸುವ ಹೈಡ್ರೋಮೀಟರ್. ಎಲ್ಲರ ಬಾಯಲ್ಲೂ ‘ಇದು ತಪ್ಪು ತೋರಿಸುತ್ತದೆ’ ಎಂಬ ಮಾತು. ಹೈಡ್ರೋಮೀಟರ್ ಏಕೆ ತೇಲುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಒಂಬತ್ತನೇ ತರಗತಿಯ ಪಾಠ. ಮನೆಯಲ್ಲಿ ಆ ವಯಸ್ಸಿನ ಮಗುವಿದ್ದರೆ ಕೇಳಿ. ಈಗ ಪತ್ರಗಳಿಗೆ ಬರೋಣ.

ನನ್ನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಹತ್ತಿದೆ. ರಜೆಗೆ ಬರುವಾಗ ಹೈಡ್ರೋಮೀಟರ್ ತಂದಿದ್ದಾನೆ. ಅಲ್ಲಿ ನೀರಿನಲ್ಲಿ ಸರಿಯಾಗಿ 1.000 ತೋರಿಸುತ್ತಿತ್ತಂತೆ, ಇಲ್ಲಿ ನಲ್ಲಿ ನೀರಿನಲ್ಲಿ 0.994 ತೋರಿಸುತ್ತದೆ. ವಿಮಾನದಲ್ಲಿ ಹಾಳಾಯಿತೆ? ಬುಡವನ್ನು ಮರಳು ಕಾಗದದಿಂದ ಉಜ್ಜಿದರೆ ಸರಿಹೋಗುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಉಜ್ಜಬಹುದೆ? (ಕಲಬುರಗಿಯ ತಂದೆಯೊಬ್ಬರು)

ಮೊದಲು ಆ ಮರಳು ಕಾಗದವನ್ನು ಕೆಳಗಿಡಿ.

ನೀವು ಪತ್ರ ಬರೆದದ್ದು ಮೇ ತಿಂಗಳಲ್ಲಿ. ನೀರು ಹಿಡಿದದ್ದು ಮಧ್ಯಾಹ್ನ, ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಿಂದ ಇಳಿಯುವ ನಲ್ಲಿಯಲ್ಲಿ ಎಂದು ನೀವೇ ಬರೆದಿದ್ದೀರಿ. ಕಲಬುರಗಿಯಲ್ಲಿ ಆ ಹೊತ್ತಿಗೆ ಆ ನೀರಿನಲ್ಲಿ ಕೈ ತೊಳೆಯುವುದಕ್ಕೂ ಜನ ಹಿಂಜರಿಯುತ್ತಾರೆ. ಅದು 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನಿಮ್ಮ ಮಗನ ಹೈಡ್ರೋಮೀಟರಿನ ಒಳಗಿರುವ ಕಾಗದದ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ. ಅಂಕಿಗಳ ಕೆಳಗೆ ಸಣ್ಣ ಅಕ್ಷರದಲ್ಲಿ 20 ಡಿಗ್ರಿ ಎಂದಿರುತ್ತದೆ. ಹಳೆಯ ಅಮೆರಿಕನ್ ಮಾದರಿಯಾದರೆ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.6 ಸೆಲ್ಸಿಯಸ್. ಆ ಉಷ್ಣತೆಯ ನೀರಿನಲ್ಲಿ ಮಾತ್ರ ಅದು 1.000 ತೋರಿಸಬೇಕು. ಕಾದ ನೀರು ಹಿಗ್ಗಿ ಹಗುರಾಗುತ್ತದೆ, ಕೊಳವೆ ಹೆಚ್ಚು ಮುಳುಗುತ್ತದೆ, ಅಂಕಿ ಇಳಿಯುತ್ತದೆ. 20 ಡಿಗ್ರಿಗೆ ಗುರುತು ಮಾಡಿದ ಹೈಡ್ರೋಮೀಟರ್ 30ರಲ್ಲಿ ಸುಮಾರು 0.0025ರಷ್ಟು, 35ರಲ್ಲಿ 0.004ರಷ್ಟು, 40ರಲ್ಲಿ 0.006ರಷ್ಟು ಕಡಿಮೆ ತೋರಿಸುತ್ತದೆ. ನಿಮ್ಮ ಲೆಕ್ಕ ಅಲ್ಲಿಗೆ ಮುಗಿಯಿತು. ಅದು ಸುಳ್ಳು ಹೇಳಿಲ್ಲ, ನಿಮ್ಮ ಟ್ಯಾಂಕಿನ ಸುದ್ದಿಯನ್ನು ಹೇಳಿದೆ.

ಬುಡ ಉಜ್ಜಿದರೆ ಏನಾಗುತ್ತದೆ? ಗಾಜು ಸವೆದು ಕೊಳವೆ ಹಗುರಾಗುತ್ತದೆ, ಮೇಲೆದ್ದು ತೇಲುತ್ತದೆ, ಇಲ್ಲಿ 1.000 ತೋರಿಸುತ್ತದೆ. ನೀವು ಸಂತೋಷಪಡುತ್ತೀರಿ. ಮಗ ಅದನ್ನು ಲೀಡ್ಸ್‌ಗೆ ಒಯ್ದು 20 ಡಿಗ್ರಿ ನೀರಿನಲ್ಲಿ ಬಿಟ್ಟಾಗ 1.006 ತೋರಿಸುತ್ತದೆ. ಒಳ್ಳೆಯ ಉಪಕರಣವನ್ನು ಕೈಯಾರೆ ಕೆಡಿಸಿ ಅದಕ್ಕೆ ‘ಸರಿಪಡಿಸುವುದು’ ಎಂದು ಹೆಸರಿಟ್ಟು ವಿಡಿಯೊ ಮಾಡುವವರ ಬಗ್ಗೆ ನಾನು ಇನ್ನೇನೂ ಹೇಳಬಾರದು. ಸಂಪಾದಕರು ಹೇಗೂ ಅಳಿಸುತ್ತಾರೆ.

ಇಷ್ಟು ಸಿಟ್ಟು ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕಾಲೇಜಿನ ಪ್ರಯೋಗಾಲಯಕ್ಕೆ ಸೇರಿದ ಹೊಸತರಲ್ಲಿ, ಒಂದು ಮೇ ತಿಂಗಳು, ಒಂದು ಡಜನ್ ಹೈಡ್ರೋಮೀಟರ್ ಬಂದವು. ನಲ್ಲಿ ನೀರಿನಲ್ಲಿ ಒಂದೊಂದನ್ನೇ ಬಿಟ್ಟೆ. ಹನ್ನೆರಡೂ 0.995. ‘ದೋಷಪೂರಿತ’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸಿದೆ. ಡಿಸೆಂಬರಿನಲ್ಲಿ ಅದೇ ಡಬ್ಬಿ ಮರಳಿ ಬಂತು. ಬಿಟ್ಟು ನೋಡಿದರೆ ಹನ್ನೆರಡೂ 1.000. ಈಗ ಚೆನ್ನಾಗಿ ರಿಪೇರಿ ಮಾಡಿದ್ದಾರೆ ಎಂದು ಮೆಚ್ಚಿ ಸಹಿ ಹಾಕಿದೆ. ಡಬ್ಬಿಯ ತಳದಲ್ಲಿ ನನ್ನ ಕೆಂಪು ಶಾಯಿಯ ಚೀಟಿ ಮಡಿಕೆ ಬಿಚ್ಚದೆ ಹಾಗೇ ಇತ್ತು. ಅಂಗಡಿಯವನು ಡಬ್ಬಿಯನ್ನೇ ತೆರೆದಿರಲಿಲ್ಲ! ಹನ್ನೆರಡೂ ಒಂದೇ ಅಂಕಿ ತೋರಿಸಿದಾಗಲೇ ನನಗೆ ಅನುಮಾನ ಬರಬೇಕಾಗಿತ್ತು. ಹನ್ನೆರಡು ಉಪಕರಣಗಳು ಒಟ್ಟಿಗೆ, ಒಂದೇ ಅಳತೆಯಲ್ಲಿ ಕೆಡುವುದುಂಟೆ?

ಪರೀಕ್ಷೆ ಮಾಡಲೇಬೇಕೆಂದರೆ ಹೀಗೆ ಮಾಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತನ್ನಿ. ಬೋರ್‌ವೆಲ್ ನೀರು ಬೇಡ. ಒಂದು ಲೀಟರಿನಲ್ಲಿ ಒಂದು ಗ್ರಾಂ ಲವಣ ಕರಗಿದ್ದರೂ ಅಂಕಿ ಮುಕ್ಕಾಲು ಗೀಟಿನಷ್ಟು ಏರುತ್ತದೆ. ಒಂದು ಗೀಟು ಎಂದರೆ 0.001. ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ತಣಿಸಿ, ಹೊರಗೆ ತೆಗೆದು, ಥರ್ಮಾಮೀಟರ್ 20 ಮುಟ್ಟುವವರೆಗೆ ಕಾಯಿರಿ. ಜ್ವರ ನೋಡುವ ಥರ್ಮಾಮೀಟರ್ ಅಲ್ಲ, ಅದು ಅಷ್ಟು ಕೆಳಗೆ ಇಳಿಯುವುದಿಲ್ಲ. ಕರೆಂಟು ಹೋಗಿ ಫ್ರಿಜ್ ನಿಂತಿದ್ದರೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಡಿ. ನಮ್ಮ ಒಣ ಸೆಕೆಯಲ್ಲಿ ಅದೂ ರಂಜಣಿಗೆಯ ನೀರಿನಂತೆ ಚೆನ್ನಾಗಿಯೇ ತಣಿಯುತ್ತದೆ. 20ಕ್ಕೆ ಇಳಿಯದಿದ್ದರೆ ಇಳಿದಷ್ಟಕ್ಕೆ ಮೇಲಿನ ಲೆಕ್ಕ ಹಿಡಿಯಿರಿ.

ಹೈಡ್ರೋಮೀಟರನ್ನು ಸೋಪಿನಿಂದ ತೊಳೆದು ಒರೆಸಿ, ಮೇಲಿನ ತುದಿಯಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಎಣ್ಣೆ ಹತ್ತಿದ ಕಡೆ ನೀರು ಗಾಜಿಗೆ ಸರಿಯಾಗಿ ಅಂಟುವುದಿಲ್ಲ. ಅಳತೆ ಜಾಡಿ ಇಕ್ಕಟ್ಟಾಗಿರಬಾರದು, ಕೊಳವೆ ಗೋಡೆಗೆ ತಾಗಬಾರದು. ಮೆಲ್ಲಗೆ ಇಳಿಬಿಟ್ಟು ಎರಡು ಬೆರಳುಗಳಿಂದ ಬುಗುರಿಯಂತೆ ಒಮ್ಮೆ ತಿರುಗಿಸಿ. ಉಬ್ಬಿದ ಬುಡದ ಸುತ್ತ ಸಾಸಿವೆ ಕಾಳಿನಂತೆ ಗುಳ್ಳೆಗಳು ಕುಳಿತಿರುತ್ತವೆ. ತಿರುಗುವಾಗ ಅವು ಬಿಟ್ಟು ಮೇಲೇಳುತ್ತವೆ. ಬಿಡದೆ ಉಳಿದವು ಕೊಳವೆಯನ್ನು ಎತ್ತಿ ಹಿಡಿದು ಅಂಕಿ ಹೆಚ್ಚಿಸುತ್ತವೆ. ಹುದುಗುತ್ತಿರುವ ಬಿಯರಿನಲ್ಲಂತೂ ಇವುಗಳದೇ ಕಾಟ. ಓದುವಾಗ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತನ್ನಿ. ಕೊಳವೆಗೆ ತಾಗಿದಲ್ಲಿ ನೀರು ಸ್ವಲ್ಪ ಮೇಲೆ ಏರಿರುತ್ತದೆ, ಅದನ್ನು ಬಿಟ್ಟು ಸಮತಟ್ಟಾದ ಮಟ್ಟವನ್ನು ಓದಿ.

ನೀರಿನಲ್ಲಿ ಸರಿಯಿದೆ ಎಂದ ಮಾತ್ರಕ್ಕೆ 1.000ಕ್ಕಿಂತ ಹೆಚ್ಚಿನ ಅಂಕಿಯ ಗೀಟುಗಳೂ ಸರಿ ಎಂದಲ್ಲ. ಬಿಯರ್ ಮಾಡುವವರಿಗೆ ಬೇಕಾದದ್ದು ಅವೇ. 50 ಗ್ರಾಂ ಸಕ್ಕರೆಯನ್ನು 450 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಪೂರ್ತಿ ಕರಗಿಸಿ. ನೀರನ್ನೂ ತೂಗಿ, ಲೋಟದಲ್ಲಿ ಅಳೆಯಬೇಡಿ. ಚಿನ್ನದ ಅಂಗಡಿಯವರು ಪರಿಚಯವಿದ್ದರೆ ಅವರ ತಕ್ಕಡಿಯೇ ಒಳ್ಳೆಯದು. ಇದು ನೂರಕ್ಕೆ ಹತ್ತರ ದ್ರಾವಣ, 20 ಡಿಗ್ರಿಯಲ್ಲಿ 1.040 ತೋರಿಸಬೇಕು. ನೀರಿನಲ್ಲಿ 1.002, ಇದರಲ್ಲಿ 1.042 ಬಂದರೆ ಒಳಗಿನ ಕಾಗದ ಜಾರಿದೆ ಎಂದು ತಿಳಿಯಿರಿ. ‘ಎರಡು ಗೀಟು ಕಳೆ’ ಎಂದು ಡಬ್ಬಿಯ ಮೇಲೆ ಬರೆದು ನಿಶ್ಚಿಂತೆಯಿಂದ ಬಳಸಿ. ನೀರಿನಲ್ಲಿ 1.000, ಇದರಲ್ಲಿ 1.035 ಬಂದರೆ, ತೂಕದಲ್ಲಿ ನೀವು ಎಡವಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಸೆಯಿರಿ. ಅದರ ಅಳತೆಪಟ್ಟಿಯೇ ತಪ್ಪು.

ಕಾಗದ ಜಾರಿದ್ದು ಮದ್ಯದ ಪ್ರಮಾಣದ ಲೆಕ್ಕವನ್ನು ಕೆಡಿಸುವುದಿಲ್ಲ. ಹುದುಗುವ ಮೊದಲಿನ ಅಂಕಿ 1.048, ಹುದುಗಿದ ಮೇಲಿನದು 1.010 ಇದ್ದರೆ ವ್ಯತ್ಯಾಸ 0.038. ಅದನ್ನು ಬಿಯರ್ ಮಾಡುವವರ ರೂಢಿಯ ಗುಣಕ 131.25ರಿಂದ ಗುಣಿಸಿದರೆ ಮದ್ಯ ಸುಮಾರು ಶೇ 5. ಎರಡೂ ಅಂಕಿಗಳಲ್ಲಿ ಒಂದೇ ತಪ್ಪಿದ್ದರೆ ಕಳೆಯುವಾಗ ತಾನೇ ಹೋಗುತ್ತದೆ. ಒಂದನ್ನು 20 ಡಿಗ್ರಿಯಲ್ಲಿ, ಇನ್ನೊಂದನ್ನು 38ರಲ್ಲಿ ಓದಿದರೆ ಮಾತ್ರ ಹೋಗುವುದಿಲ್ಲ. ಬಿಸಿಯಲ್ಲಿ ಓದಿದವನಿಗೆ ಅಂಕಿ ಕಡಿಮೆ ಕಂಡು ಹುದುಗುವಿಕೆ ಮುಗಿಯಿತೆಂದು ಅನಿಸುತ್ತದೆ. ಸಕ್ಕರೆ ಇನ್ನೂ ಉಳಿದಿರುತ್ತದೆ. ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಒಳಗೆ ಅನಿಲ ಕಟ್ಟಿ ಗಾಜು ಸಿಡಿಯುತ್ತದೆ. ನಾನಾದರೆ ಎರಡು ಮೂರು ದಿನ ಬಿಟ್ಟು ಬಿಟ್ಟು ಒಂದೇ ಉಷ್ಣತೆಯಲ್ಲಿ ಓದಿ, ಅಂಕಿ ಅಲುಗಾಡದಿದ್ದರೆ ಮಾತ್ರ ತುಂಬಲು ಹೇಳುತ್ತೇನೆ. ಕುದಿಯುವ ಮಾಲ್ಟ್ ರಸದಲ್ಲಿ ಕೊಳವೆಯನ್ನು ಅದ್ದಿ ಆಮೇಲೆ ಲೆಕ್ಕ ಸರಿಪಡಿಸುತ್ತೇನೆ ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ. ಒಡೆದ ಗಾಜನ್ನು ಜಾಗ್ರತೆಯಾಗಿ ಆರಿಸಲಿ.

ಇನ್ನೊಂದು ಮಾತು, ನಿಮ್ಮ ಮಗನಿಗೆ. ಇಂಗ್ಲೆಂಡಿನಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಲು 1963ರಿಂದ ಪರವಾನಗಿ ಬೇಕಿಲ್ಲ. ಇಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965 ಇದೆ. ಪರವಾನಗಿಯಿಲ್ಲದೆ ಮಾಡುವುದು ಅಪರಾಧ. ರಜೆಯಲ್ಲಿ ಸಕ್ಕರೆ ನೀರನ್ನಷ್ಟೇ ಅಳೆಯಲಿ.

ನಮ್ಮ ಊರಲ್ಲಿ ಒಬ್ಬರು ಕೊಳವೆ ಬಿಟ್ಟು ನೋಡಿ ‘ಇದರಲ್ಲಿ ವಿಷವಿಲ್ಲ’ ಎಂದು ಸಾರಾಯಿಗೆ ಖಾತ್ರಿ ಕೊಡುತ್ತಾರೆ. ನಂಬಬಹುದೆ? (ಯಾದಗಿರಿ)

ಖಂಡಿತ ಬೇಡ. ಕುಡಿಯುವ ಮದ್ಯದಲ್ಲಿರುವ ಎಥನಾಲ್‌ನ ಸಾಂದ್ರತೆ 0.789, ಕಣ್ಣು ಮತ್ತು ಪ್ರಾಣ ತೆಗೆಯುವ ಮೆಥನಾಲ್‌ನದು 0.791. ಯಾವ ಕೊಳವೆಯೂ ಇವೆರಡನ್ನು ಬೇರ್ಪಡಿಸಿ ಹೇಳಲಾರದು. ಬೆಂಕಿ ಹಚ್ಚಿ ನೀಲಿ ಜ್ವಾಲೆ ನೋಡುವುದೂ ಅಷ್ಟೇ, ಎರಡೂ ನೀಲಿಯಾಗಿ ಉರಿಯುತ್ತವೆ. ಆ ಮನುಷ್ಯ ಖಾತ್ರಿ ಕೊಡುತ್ತಿಲ್ಲ, ಜನರ ಜೀವದ ಮೇಲೆ ಜೂಜಾಡುತ್ತಿದ್ದಾನೆ. ಪೊಲೀಸರಿಗೆ ತಿಳಿಸಿ.

ಸೇಂದಿಗೆ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಪುಡಿ) ಬೆರೆಸಿದ್ದನ್ನು ಹೈಡ್ರೋಮೀಟರಿನಲ್ಲಿ ಕಂಡುಹಿಡಿಯಬಹುದೆ? (ಬೀದರ್ ಜಿಲ್ಲೆ)

ಆಗುವುದಿಲ್ಲ. ಅದು ಪ್ರಯೋಗಾಲಯದ ಕೆಲಸ. ಅನುಮಾನವಿದ್ದರೆ ಕುಡಿಯಬೇಡಿ.

ಲ್ಯಾಕ್ಟೋಮೀಟರ್ (ಹಾಲಿನ ಹೈಡ್ರೋಮೀಟರ್) ಸರಿಯಾದ ಅಂಕಿ ತೋರಿಸಿದರೆ ಹಾಲಿಗೆ ನೀರು ಬೆರೆಸಿಲ್ಲ ಎಂದರ್ಥವೆ?

ಅಲ್ಲ. ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಹದವರಿತು ಮಾಡುವವರು ನಿಮಗಿಂತ ಮೊದಲೇ ಲ್ಯಾಕ್ಟೋಮೀಟರ್ ಕೊಂಡಿದ್ದಾರೆ.

ಇನ್ವರ್ಟರ್ ಬ್ಯಾಟರಿಯ ಹೈಡ್ರೋಮೀಟರನ್ನು ತೊಳೆದು ಕಬ್ಬಿನ ಹಾಲಿಗೆ ಬಳಸಬಹುದೆ?

ಅದು ಗಂಧಕಾಮ್ಲದಲ್ಲಿ ಅದ್ದಿದ ವಸ್ತು, ಆ ಆಮ್ಲದಲ್ಲಿ ಸೀಸವೂ ಇರುತ್ತದೆ. ಬೇಡ. ಈ ಪ್ರಶ್ನೆಯನ್ನು ಈ ವರ್ಷ ಮೂರು ಜನ ಕೇಳಿದ್ದಾರೆ. ನಾಲ್ಕನೆಯವರು ಕೇಳಬೇಡಿ.