ದಾನದ ವಾಹನಕ್ಕೆ ಮೊಳ ಹಾಕಬಹುದೇ?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಪೊಲೀಸ್ ಇಲಾಖೆಯ ಹರಾಜಿನಲ್ಲಿ ಕೊಂಡ ಗಸ್ತು ಕಾರೊಂದು ನನ್ನ ಬಳಿ ಇದೆ. ಈಗ ನನಗೆ ಅದರ ಅಗತ್ಯವಿಲ್ಲದ ಕಾರಣ ವೃದ್ಧಾಶ್ರಮ ನಡೆಸುವ ಸೇವಾಸಂಸ್ಥೆಯೊಂದಕ್ಕೆ ದಾನವಾಗಿ ಕೊಡಬೇಕೆಂದಿದ್ದೇನೆ. ಮೀಟರಿನ ಪ್ರಕಾರ ಅದು ಓಡಿರುವುದು 1,20,000 ಕಿಲೋಮೀಟರ್ ಮಾತ್ರ. ಕೊಡುವ ಮುನ್ನ ನಾನು ಗಮನಿಸಬೇಕಾದ ಸಂಗತಿಗಳು ಯಾವುವು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ 'ಮಾತ್ರ' ಎಂಬ ಪದವನ್ನೇ ಮೊದಲು ಪರೀಕ್ಷಿಸಬೇಕಾಗಿದೆ. ಗಸ್ತು ವಾಹನವು ಓಡುವುದಕ್ಕಿಂತ ಹೆಚ್ಚಾಗಿ ನಿಲ್ಲುವ ವಾಹನ. ದೀಪ, ವೈರ್‌ಲೆಸ್ ಸೆಟ್, ಕಂಪ್ಯೂಟರ್ ಮುಂತಾದವು ಸದಾ ಚಾಲನೆಯಲ್ಲಿರಬೇಕಾದ್ದರಿಂದ ರಸ್ತೆಬದಿಯಲ್ಲಿ ನಿಂತಾಗಲೂ ಅದರ ಎಂಜಿನ್ ಗಂಟೆಗಟ್ಟಲೆ ತಿರುಗುತ್ತಿರುತ್ತದೆ. ಆದರೆ ಕಿಲೋಮೀಟರ್ ಮಾಪಕದಲ್ಲಿ ಅದರ ಲೆಕ್ಕ ಸೇರುವುದಿಲ್ಲ. ನಿಂತಲ್ಲೇ ಒಂದು ಗಂಟೆ ತಿರುಗಿದ ಎಂಜಿನ್ನಿನ ಸವೆತವು ಸುಮಾರು 33 ಮೈಲಿ, ಅಂದರೆ ಹೆಚ್ಚುಕಡಿಮೆ 53 ಕಿಲೋಮೀಟರ್ ಓಡಿದ್ದಕ್ಕೆ ಸಮ ಎಂಬ ಲೆಕ್ಕವನ್ನು ಫೋರ್ಡ್ ಸಂಸ್ಥೆ ತನ್ನ ವಾಹನಗಳ ನಿರ್ವಹಣೆಗಾಗಿ ಕೊಟ್ಟಿದೆ. ನಿಮ್ಮ ಕಾರು ಹಾಗೆ 2,000 ಗಂಟೆ ನಿಂತಿದ್ದರೆ, ಮೀಟರಿನಲ್ಲಿ ಕಾಣುವ ಅಂಕಿಗೆ ಇನ್ನೂ 1,06,000 ಕಿಲೋಮೀಟರುಗಳನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳಬೇಕಾಗುತ್ತದೆ. ಗಸ್ತಿಗೆಂದೇ ತಯಾರಾದ ಹಲವು ಮಾದರಿಗಳಲ್ಲಿ ಎಂಜಿನ್ ತಿರುಗಿದ ಗಂಟೆಗಳನ್ನು ತೋರಿಸುವ ಮಾಪಕ ಬೇರೆಯಾಗಿ ಇರುತ್ತದೆ. ಅದು ನಿಮ್ಮ ಕಾರಿನಲ್ಲಿದ್ದರೆ ಎರಡೂ ಅಂಕಿಗಳನ್ನು ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಿರಿ.

ಇಷ್ಟು ಹೇಳಿದ ಮಾತ್ರಕ್ಕೆ ಇಂಥ ವಾಹನಗಳು ಕೆಲಸಕ್ಕೆ ಬಾರದವೆಂದು ಭಾವಿಸಬೇಕಾಗಿಲ್ಲ. ಸಾಮಾನ್ಯ ಕಾರಿಗಿಂತ ದೊಡ್ಡ ರೇಡಿಯೇಟರ್, ಹೆಚ್ಚು ಶಕ್ತಿಯ ಆಲ್ಟರ್ನೇಟರ್, ಬಲವಾದ ಬ್ರೇಕು ಮತ್ತು ಸಸ್ಪೆನ್ಷನ್ ಇವುಗಳಲ್ಲಿರುವುದುಂಟು. ಆಯಿಲ್ ಬದಲಾವಣೆಯಂಥ ಕೆಲಸಗಳನ್ನು ಇಲಾಖೆಯ ಗ್ಯಾರೇಜುಗಳು ಸಾಮಾನ್ಯವಾಗಿ ವೇಳಾಪಟ್ಟಿಯ ಪ್ರಕಾರ ಮಾಡಿಸಿರುತ್ತವೆ. ಹರಾಜಿನ ಸಮಯದಲ್ಲಿ ಆ ರಿಪೇರಿ ದಾಖಲೆಗಳು ನಿಮ್ಮ ಕೈಸೇರಿದ್ದರೆ ಅವುಗಳನ್ನೂ ವಾಹನದ ಜೊತೆಗೇ ಕೊಡಿ.

ಇನ್ನು ನನಗೆ ಎಂಜಿನ್ನಿಗಿಂತ ಹೆಚ್ಚು ಆತಂಕ ತರುವುದು ಹಿಂಬದಿಯ ಬಾಗಿಲುಗಳು. ಬಂಧಿತರನ್ನು ಸಾಗಿಸುವ ವಾಹನಗಳಲ್ಲಿ ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯದಂತೆಯೂ ಕಿಟಕಿಗಳು ಒಳಗಿನಿಂದ ಇಳಿಯದಂತೆಯೂ ವ್ಯವಸ್ಥೆ ಮಾಡಿರುತ್ತಾರೆ. ಹರಾಜಿಗೆ ಬಿಡುವಾಗ ಇದನ್ನು ಸರಿಪಡಿಸಿಯೇ ಇರುತ್ತಾರೆಂದು ನಂಬುವಂತಿಲ್ಲ, ಒಬ್ಬರೇ ಓಡಿಸುತ್ತಿದ್ದ ನಿಮಗೆ ಇಷ್ಟು ವರ್ಷವೂ ಅದು ಗಮನಕ್ಕೆ ಬಂದಿರಲಾರದು. ಈಗ ಅದೇ ಸೀಟಿನಲ್ಲಿ ಕೂರುವವರು ವಯೋವೃದ್ಧರು. ಚಾಲಕನು ಔಷಧಿ ತರಲೆಂದು ಇಳಿದುಹೋದ ಹತ್ತು ನಿಮಿಷದಲ್ಲಿ ಬಿಸಿಲಿಗೆ ಕಾದ ಕಾರಿನೊಳಗೆ ಒಬ್ಬ ಅಜ್ಜಿ ಬಾಗಿಲು ತೆರೆಯಲಾಗದೆ ಕುಳಿತಿರುವ ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಆದ್ದರಿಂದ ದಾನಕ್ಕೆ ಮೊದಲು ನೀವೇ ಹಿಂದಿನ ಸೀಟಿನಲ್ಲಿ ಕುಳಿತು, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡು, ಎರಡೂ ಬಾಗಿಲುಗಳನ್ನು ಒಳಗಿನಿಂದ ತೆರೆದು ನೋಡಿರಿ. ಮುಂದಿನ ಹಾಗೂ ಹಿಂದಿನ ಸೀಟುಗಳ ನಡುವಿನ ಜಾಲರಿ ಇನ್ನೂ ಇದ್ದರೆ ಅದನ್ನು ಬಿಚ್ಚಿಸಬೇಕು. ತೊಳೆಯಲು ಅನುಕೂಲವಾಗಲೆಂದು ಅಳವಡಿಸಿದ ಗಟ್ಟಿ ಪ್ಲಾಸ್ಟಿಕ್ ಸೀಟು ಇದ್ದರೆ ಮೆತ್ತನೆಯ ಸೀಟು ಹಾಕಿಸಬೇಕು, ಸೀಟ್‌ಬೆಲ್ಟುಗಳು ಸರಿಯಾಗಿ ಸಿಕ್ಕಿಕೊಳ್ಳುತ್ತವೆಯೇ ಎಂದೂ ನೋಡಬೇಕು.

ಪೊಲೀಸ್ ಗುರುತುಗಳ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಸೈರನ್, ಚಾವಣಿಯ ದೀಪ, ಲಾಂಛನ, ವೈರ್‌ಲೆಸ್ ಸೆಟ್ ಇವುಗಳಲ್ಲಿ ಒಂದಾದರೂ ಉಳಿದಿದ್ದರೆ ತೆಗೆಸಲೇಬೇಕು. ಸ್ಟಿಕ್ಕರ್ ಕಿತ್ತ ಮೇಲೂ, ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ ಅಕ್ಷರಗಳಿದ್ದ ಜಾಗ ಮಾತ್ರ ಹೊಸದಾಗಿಯೇ ಇರುವುದರಿಂದ, ಆ ಪದ ದೂರದಿಂದಲೂ ಓದುವಂತೆ ಕಾಣಿಸುತ್ತಿರುತ್ತದೆ. ಇಂಥ ಸಂದರ್ಭದಲ್ಲಿ ಮತ್ತೆ ಬಣ್ಣ ಹೊಡೆಸುವುದೇ ಸರಿಯಾದ ಮಾರ್ಗ. ವೃದ್ಧಾಶ್ರಮದ ಕಾರನ್ನು ಪೊಲೀಸರದೆಂದು ತಿಳಿದು ಯಾರೋ ಅಪಾಯದಲ್ಲಿರುವವರು ಕೈ ಅಡ್ಡ ಹಾಕಿ ನಿಲ್ಲಿಸಿದರೆ ಚಾಲಕನಾದರೂ ಏನು ಮಾಡಬೇಕು? ಉಪಕರಣಗಳನ್ನು ತೆಗೆದ ಕಡೆ ಉಳಿಯುವ ಸಣ್ಣ ತೊಂದರೆಗಳನ್ನೂ ನೋಡಿಸಿರಿ: ಚಾವಣಿಯ ತೂತುಗಳಿಂದ ಮಳೆನೀರು ಇಳಿಯುತ್ತದೆ, ಕತ್ತರಿಸಿ ಹಾಗೆಯೇ ಬಿಟ್ಟ ವೈರುಗಳಿಂದ ಬ್ಯಾಟರಿ ಖಾಲಿಯಾಗುತ್ತದೆ, ಕೆಲವೊಮ್ಮೆ ಶಾರ್ಟ್ ಸರ್ಕಿಟ್ ಕೂಡ ಆಗುತ್ತದೆ.

ಪ್ರಶ್ನೆ: ನಾನು ಸಣ್ಣ ಸೇವಾಸಂಸ್ಥೆಯೊಂದರ ಕಾರ್ಯದರ್ಶಿ. ಸೇವೆಯಿಂದ ಹೊರಬಂದ ವಾಹನವೊಂದನ್ನು ನಮಗೆ ಕೊಡುವುದಾಗಿ ಪೊಲೀಸ್ ಅಧಿಕಾರಿಯೊಬ್ಬರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಪುಕ್ಕಟೆಯಾಗಿ ಬರುವ ವಸ್ತುವನ್ನು ಪರೀಕ್ಷಿಸುವುದು ಮರ್ಯಾದೆಯಲ್ಲವೆಂದು ನಮ್ಮ ಅಧ್ಯಕ್ಷರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಿಮ್ಮ ಅಧ್ಯಕ್ಷರ ಮನಸ್ಸಿನಲ್ಲಿರಬಹುದು. ದಟ್ಟಿ ಮೋಟಾದರೆ ಯಾರಿಗೂ ಅಪಾಯವಿಲ್ಲ. ವಾಹನದ ಬ್ರೇಕು ಹಿಡಿಯದಿದ್ದರೆ ಅಪಾಯವಿದೆ. ನೀವು ಧಾರಾಳವಾಗಿ ಮೊಳ ಹಾಕಬಹುದು, ಅದೂ ಹಿತ್ತಲಿಗೆ ಹೋಗದೆ, ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಕೊಡುವವರ ಎದುರಿನಲ್ಲೇ.

ಅದಕ್ಕೂ ಮೊದಲು ಕೇಳಬೇಕಾದುದು ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು. ಇಲಾಖೆಯ ವಾಹನ ಸಾರ್ವಜನಿಕರ ಹಣದಿಂದ ಕೊಂಡ ಆಸ್ತಿ. ಅದನ್ನು ವಿಲೇವಾರಿ ಮಾಡುವುದಕ್ಕೆ ನಿಯಮಗಳಿರುತ್ತವೆ, ಬಹುಪಾಲು ಕಡೆಗಳಲ್ಲಿ ಹರಾಜೇ ರೂಢಿಯ ಮಾರ್ಗ. ಅಧಿಕಾರಿಯ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ಅವರ ಬಾಯಿಮಾತಿನಿಂದ ಮಾಲೀಕತ್ವ ಬದಲಾಗುವುದಿಲ್ಲ. ಸಕ್ಷಮ ಪ್ರಾಧಿಕಾರದ ಲಿಖಿತ ಆದೇಶ, ಅದರಲ್ಲಿ ವಾಹನದ ಚಾಸಿ ಸಂಖ್ಯೆ, ನಿಮ್ಮ ಸಂಸ್ಥೆಯ ಹೆಸರು ಹಾಗೂ ಷರತ್ತುಗಳೇನಾದರೂ ಇದ್ದರೆ ಅವು, ಇಷ್ಟೂ ಕೈಸೇರುವವರೆಗೆ ಬೀಗದ ಕೈ ಪಡೆಯಬೇಡಿ. ಮುಂದೆಂದಾದರೂ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದರೆ ಕೊಟ್ಟವರ ಜೊತೆಗೆ ಪಡೆದವರೂ ಉತ್ತರ ಹೇಳಬೇಕಾಗಿ ಬರಬಹುದು. ಆದೇಶ ಬಂದ ಮೇಲೆ, ಇಲಾಖೆಯ ಹೆಸರಿನಲ್ಲಿರುವ ನೋಂದಣಿಯನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿ, ಹೊಸ ವಿಮೆ ಮಾಡಿಸಿದ ನಂತರವೇ ವಾಹನವನ್ನು ರಸ್ತೆಗೆ ಇಳಿಸಿರಿ.

ಒಪ್ಪಿಕೊಳ್ಳಬೇಕೇ ಬೇಡವೇ ಎಂಬುದು ಖರ್ಚಿನ ಪ್ರಶ್ನೆ. ಗಸ್ತು ವಾಹನಗಳು ಸಾಮಾನ್ಯವಾಗಿ ದೊಡ್ಡ ಎಂಜಿನ್ನಿನವು, ಇಂಧನವನ್ನು ಧಾರಾಳವಾಗಿಯೇ ಕುಡಿಯುತ್ತವೆ. ಉತ್ತರ ಅಮೆರಿಕದ ಪೊಲೀಸರು ಬಹುಕಾಲ ಬಳಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕಾರಿನದು 4.6 ಲೀಟರಿನ ವಿ-8 ಎಂಜಿನ್. ಅದರ ತಯಾರಿಕೆ 2011ರಲ್ಲೇ ನಿಂತಿತು. ತಯಾರಿಕೆ ನಿಂತ ಮಾದರಿಯನ್ನು ಒಪ್ಪಿಕೊಳ್ಳುವವರು ಬಿಡಿಭಾಗಗಳು ಎಲ್ಲಿ ಸಿಗುತ್ತವೆಂಬುದನ್ನು ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಒಂದು ವರ್ಷದ ಇಂಧನ, ವಿಮೆ, ಟೈರು, ರಿಪೇರಿ ಮತ್ತು ಚಾಲಕನ ಸಂಬಳವನ್ನು ಒಂದು ಹಾಳೆಯಲ್ಲಿ ಬರೆದು ಅಧ್ಯಕ್ಷರ ಮುಂದಿಡಿ. ಆ ಮೊತ್ತವು ನಿಮಗೆ ಅಗತ್ಯವಿರುವ ದಿನಗಳಿಗೆ ಬಾಡಿಗೆ ಗಾಡಿ ಹಿಡಿಯುವುದಕ್ಕಿಂತ ಹೆಚ್ಚಾಗುವಂತಿದ್ದರೆ, ಇಲಾಖೆಯೇ ವಾಹನವನ್ನು ಹರಾಜು ಹಾಕಿ, ನಿಯಮ ಅವಕಾಶ ಕೊಟ್ಟಲ್ಲಿ ಬಂದ ಹಣವನ್ನು ನಿಮಗೆ ಕೊಡಬಹುದೇ ಎಂದು ವಿನಯದಿಂದ ಕೇಳಿರಿ. ಅದೂ ಆಗದಿದ್ದರೆ ಬೇಡವೆಂದು ಹೇಳುವುದರಲ್ಲಿ ಅವಮರ್ಯಾದೆ ಏನಿಲ್ಲ. ಅಂಗಳದಲ್ಲಿ ತುಕ್ಕು ಹಿಡಿಯುತ್ತ ನಿಂತ ಗಾಡಿಯನ್ನು ಕಂಡರೆ ಕೊಟ್ಟವರಿಗೂ ಬೇಸರವೇ ಆಗುತ್ತದೆ.

ಪ್ರಶ್ನೆ: ಹಳೆಯ ಪೊಲೀಸ್ ವಾಹನವನ್ನು ದಾನ ಮಾಡಿದರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಯೇ?

ಉತ್ತರ: ಇದು ಆಯಾ ದೇಶದ ಕಾನೂನನ್ನು ಅವಲಂಬಿಸಿದೆ, ವಾಹನ ಮೊದಲು ಪೊಲೀಸರದಾಗಿತ್ತೆಂಬುದರಿಂದ ವಿಶೇಷ ಲಾಭವೇನೂ ಇಲ್ಲ. ಕೆಲವು ದೇಶಗಳಲ್ಲಿ ವಸ್ತುರೂಪದ ದಾನಕ್ಕೆ ವಿನಾಯಿತಿಯೇ ಇಲ್ಲ. ಅಮೆರಿಕದಲ್ಲಿ ಇದೆ, ಆದರೆ ದಾನಿ ತಾನೇ ಬೆಲೆ ಕಟ್ಟಿಕೊಳ್ಳುವ ರೂಢಿಗೆ 2005ರಿಂದ ಕಡಿವಾಣ ಬಿದ್ದಿದೆ: 500 ಡಾಲರಿಗಿಂತ ಹೆಚ್ಚು ವಿನಾಯಿತಿ ಕೇಳುವ ಸಂದರ್ಭದಲ್ಲಿ, ಸಂಸ್ಥೆಯು ವಾಹನವನ್ನು ತಾನು ಬಳಸದೆ ಮಾರಿಬಿಟ್ಟರೆ, ಸಾಮಾನ್ಯವಾಗಿ ಮಾರಾಟದಿಂದ ಬಂದ ಮೊತ್ತದಷ್ಟಕ್ಕೇ ವಿನಾಯಿತಿ ಸೀಮಿತವಾಗುತ್ತದೆ. ನೀವು ಯಾವ ದೇಶದಲ್ಲಿದ್ದರೂ, ವಾಹನವನ್ನು ಬಳಸುತ್ತೇವೆಯೋ ಮಾರುತ್ತೇವೆಯೋ ಎಂಬುದನ್ನು ರಸೀದಿಯಲ್ಲೇ ಬರೆದುಕೊಡುವಂತೆ ಸಂಸ್ಥೆಯನ್ನು ಕೇಳಿ, ಆ ರಸೀದಿಯೊಂದಿಗೆ ನಿಮ್ಮ ತೆರಿಗೆ ಸಲಹೆಗಾರರನ್ನು ಕಾಣಿರಿ.