ಖಾಲಿ ರೈಲು ಓಡಿಸುವುದು ದಂಡವೇ?

ಪ್ರಶ್ನೆ: ಸರ್ಕಾರದ ದುಡ್ಡಿನಲ್ಲಿ ನಡೆಯುವ ಉಪನಗರ ರೈಲುಗಳಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಮಧ್ಯಾಹ್ನವಂತೂ ಬೋಗಿಗೆ ನಾಲ್ಕು ಜನ ಇದ್ದರೆ ಹೆಚ್ಚು. ಟ್ರಿಪ್ ಕಡಿಮೆ ಮಾಡಿದರೆ ತೆರಿಗೆ ಹಣ ಉಳಿಯುತ್ತೆ ಅಲ್ವಾ?

ಉತ್ತರ: ಉಳಿಯುತ್ತೆ. ಆದರೆ ನೀವು ಅಂದುಕೊಂಡಷ್ಟಲ್ಲ. ಹಳಿ, ಸಿಗ್ನಲ್, ಸ್ಟೇಷನ್, ಡಿಪೊ ಇವುಗಳ ಖರ್ಚಿನ ಬಹುಪಾಲು ಟ್ರಿಪ್ ಎಷ್ಟೇ ಇದ್ದರೂ ಬಂದೇ ಬರುತ್ತೆ. ಉಳಿಯುವುದು ಇಂಧನ, ಒಂದಿಷ್ಟು ಸಿಬ್ಬಂದಿ ಸಂಬಳ. ಹೋಗುವುದು ಪ್ರಯಾಣಿಕರು.

ಹೇಗೆ ಅಂತೀರಾ? ಜನ ಹತ್ತದ ಮಾರ್ಗದ ವೇಳಾಪಟ್ಟಿ ತೆಗೆದು ನೋಡಿ. ಬೆಳಿಗ್ಗೆ ನಗರದ ಕಡೆ ನಾಲ್ಕು ರೈಲು, ಸಂಜೆ ವಾಪಸ್ ನಾಲ್ಕು, ಮಧ್ಯೆ ಏನೂ ಇಲ್ಲ. ಸಂಜೆ ಆರೂವರೆಗೆ ಕೊನೇ ರೈಲು. ಆಫೀಸಿನ ಮೀಟಿಂಗ್ ಏಳರವರೆಗೆ ಎಳೆದರೆ? ಮಗುವಿಗೆ ಜ್ವರ ಅಂತ ಮಧ್ಯಾಹ್ನ ಶಾಲೆಯಿಂದ ಫೋನ್ ಬಂದರೆ? ಒಮ್ಮೆ ಹೀಗೆ ಸಿಕ್ಕಿಹಾಕಿಕೊಂಡವರು ಮಾರನೇ ದಿನದಿಂದ ಕಾರು ತೆಗೆಯುತ್ತಾರೆ. ಹಾಗಾಗಿ ಮಧ್ಯಾಹ್ನದ ರೈಲು ತೆಗೆದರೆ ಬೆಳಗಿನ ರೈಲಿನ ಸೀಟೂ ಖಾಲಿಯಾಗುತ್ತೆ. ಟ್ರಿಪ್ ಲೆಕ್ಕದ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲೇ ಇದರ ಇನ್ನೊಂದು ಮುಖ ತೋರಿಸಿದ್ದರು: ಜನ ಹೆಚ್ಚಿದರೆ ಟ್ರಿಪ್ ಹೆಚ್ಚಿಸಬಹುದು, ಆಗ ಕಾಯುವ ಹೊತ್ತು ತಗ್ಗಿ ಎಲ್ಲರಿಗೂ ಅನುಕೂಲ. ಟ್ರಿಪ್ ಕಡಿತ ಅಂದರೆ ಈ ಚಕ್ರವನ್ನೇ ಹಿಂದಕ್ಕೆ ತಿರುಗಿಸಿದಂತೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2009ರಲ್ಲಿ ನಾರ್ತ್‌ಸ್ಟಾರ್ ರೈಲು ಶುರುವಾಯಿತು. ಸೇಂಟ್ ಕ್ಲೌಡ್‌ವರೆಗೆ ಹೋಗಬೇಕಿದ್ದದ್ದು ಅದಕ್ಕಿಂತ ಮುಂಚಿನ ಬಿಗ್ ಲೇಕ್‌ನಲ್ಲೇ ನಿಂತಿತು. ಓಡಿದ್ದು ಗೂಡ್ಸ್ ಕಂಪನಿಯ ಹಳಿ ಮೇಲೆ, ಬೇಕೆಂದಾಗ ಟ್ರಿಪ್ ಸೇರಿಸುವುದು ಸುಲಭವಿರಲಿಲ್ಲ. ಕೋವಿಡ್ ಬಂದ ಮೇಲೆ ಟ್ರಿಪ್ ಕಡಿತವಾಯಿತು, ಜನ ಹಿಂದಿನಂತೆ ವಾಪಸ್ ಬರಲಿಲ್ಲ. 2026ರ ಜನವರಿಯಲ್ಲಿ ರೈಲೇ ನಿಂತಿತು. ತಪ್ಪು ಪೂರಾ ವೇಳಾಪಟ್ಟಿಯದ್ದೇ ಅನ್ನಲಾರೆ, ಮನೆಯಿಂದ ಕೆಲಸ ಮಾಡುವವರೂ ಜಾಸ್ತಿಯಾಗಿದ್ದರು.

ಕ್ಯಾಲಿಫೋರ್ನಿಯಾದ ಕ್ಯಾಲ್‌ಟ್ರೇನ್ ಉಲ್ಟಾ ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಮುಖ್ಯ ಮಾರ್ಗದಲ್ಲಿ ಡೀಸೆಲ್ ಬಿಟ್ಟು ವಿದ್ಯುತ್ ರೈಲು ತಂದಿತು. ವಾರಾಂತ್ಯದಲ್ಲಿ ಗಂಟೆಗೊಂದು ಇದ್ದದ್ದು ಅರ್ಧ ಗಂಟೆಗೊಂದಾಯಿತು. ಜನ ಹತ್ತಿದರು. ಹೊಸ ಬೋಗಿ, ಹೆಚ್ಚಿದ ವೇಗ ಇವೂ ಸೆಳೆದಿರಬೇಕು ಅನ್ನಿ.

ಸ್ಟೇಷನ್ ಸುತ್ತ ಬರೀ ಪಾರ್ಕಿಂಗ್, ಕಣ್ಣು ಹಾಯಿಸಿದಷ್ಟು ದೂರ ಮನೆಯಿಲ್ಲ ಅನ್ನುವ ಮಾರ್ಗವಾದರೆ ನನ್ನ ಉತ್ತರವೇ ಬೇರೆ. ಅಲ್ಲಿ ಸುಮ್ನೆ ರೈಲಿಗೆ ಜೋತುಬೀಳಬಾರದು. ಅದೇ ದುಡ್ಡಲ್ಲಿ ಅರ್ಧ ಗಂಟೆಗೊಂದು ಬಸ್ ಬಿಟ್ಟರೆ ಜನರಿಗೆ ಅನುಕೂಲ ಹೆಚ್ಚು.

ಉಳಿದ ಕಡೆ ಮೊದಲು ಮಧ್ಯಾಹ್ನ ಮತ್ತು ರಾತ್ರಿ ಗಂಟೆಗೊಂದಾದರೂ ರೈಲು ಬಿಡಲಿ. ಸ್ಟೇಷನ್‌ನಿಂದ ಮನೆ ಕಡೆಗೆ ಜನರನ್ನು ಒಯ್ಯುವ ಫೀಡರ್ ಬಸ್ಸು, ರೈಲು ಬಂದು ಐದು ನಿಮಿಷ ಆದ ಮೇಲೆ ಹೊರಡಲಿ. ಎಷ್ಟೋ ಕಡೆ ಎರಡು ನಿಮಿಷ ಮುಂಚೆಯೇ ಹೊರಟಿರುತ್ತೆ! ಆಮೇಲೆ ತಲೆ ಎಣಿಸಿ, ಅದೂ ಒಂದೆರಡು ವರ್ಷ ಬಿಟ್ಟು. ಮೂರು ತಿಂಗಳಲ್ಲಿ ಯಾರೂ ಕಾರು ಮಾರುವುದಿಲ್ಲ.