ಸ್ಕ್ಯಾನ್ ನಾರ್ಮಲ್, ಆದರೂ ಏಳಲಾಗುತ್ತಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ಮೂವತ್ತು ದಾಟಿದ ಮಹಿಳೆ, ಲೆಕ್ಕಪತ್ರದ ಕೆಲಸ. ಮೆಟ್ಟಿಲಲ್ಲಿ ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು. ಪ್ರಜ್ಞೆ ತಪ್ಪಿರಲಿಲ್ಲ. ಸಿಟಿ ಸ್ಕ್ಯಾನ್ ಮಾಡಿ, ಕನ್‌ಕಷನ್ (ಪೆಟ್ಟಿನಿಂದ ಮೆದುಳು ಅಲುಗಿ ಆಗುವ ತೊಂದರೆ) ಅಷ್ಟೇ, ರೆಸ್ಟ್ ತಗೊಳ್ಳಿ ಎಂದು ಕಳಿಸಿದ್ದರು. ಒಂಬತ್ತನೇ ವಾರದಲ್ಲಿ ಗಂಡನ ಜೊತೆ ನನ್ನಲ್ಲಿಗೆ ಬಂದಾಗ ಮೊದಲು ಕೇಳಿದ್ದು, ಟ್ಯೂಬ್‌ಲೈಟ್ ಆರಿಸಬಹುದಾ ಎಂದು. ಕಪ್ಪು ಕನ್ನಡಕ ತೆಗೆಯಲಿಲ್ಲ.

"ಎಲ್ಲಾ ನಾರ್ಮಲ್ ಅಂದ್ರು ಮೇಡಂ. ಆದ್ರೂ ಇವಳು ಹಾಸಿಗೆ ಬಿಟ್ಟು ಏಳ್ತಿಲ್ಲ." ಗಂಡನ ದನಿಯಲ್ಲಿದ್ದದ್ದು ಗಾಬರಿ. ಹೆಂಡತಿಗೆ ಕೇಳಿಸಿದ್ದು ಆರೋಪ.

"ನಾಟಕ ಅಂದ್ಕೊಂಡಿದಾರೆ. ಈಗೀಗ ನಂಗೂ ಹಾಗೇ ಅನ್ಸುತ್ತೆ."

ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಮೂಳೆ ಬಿರುಕುಗಳಂಥವನ್ನು. ಕನ್‌ಕಷನ್‌ನಲ್ಲಿ ಕೆಡುವುದು ಮೆದುಳಿನ ಕೆಲಸದ ರೀತಿ. ಅದು ಆ ಚಿತ್ರದಲ್ಲಿ ಕಾಣುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ, ಅದರಲ್ಲೂ ಮೊದಲೇ ಆತಂಕವೋ ಖಿನ್ನತೆಯೋ ಇದ್ದವರಿಗೆ. ಇವರಿಗೆ ಕಾಲೇಜು ದಿನಗಳಲ್ಲಿ ಆತಂಕಕ್ಕೆ ಚಿಕಿತ್ಸೆಯಾಗಿತ್ತು. ಪೆಟ್ಟಾದ ಮೇಲೆ ಅದನ್ನು ಯಾರೂ ವಿಚಾರಿಸಿರಲಿಲ್ಲ. ಇದು ಮೆದುಳಿನದೋ ಮನಸ್ಸಿನದೋ ಎಂಬ ಗಂಡನ ಪ್ರಶ್ನೆಗೆ, ಎರಡನ್ನೂ ಬೇರ್ಪಡಿಸುತ್ತಾ ಕೂರುವುದು ಬೇಡ, ಎರಡಕ್ಕೂ ಚಿಕಿತ್ಸೆ ನಡೆಯಲಿ ಎಂದೆ.

ನನಗೆ ಹೆಚ್ಚು ಕಳವಳ ತಂದದ್ದು ದಿನಚರಿ. ಪರದೆ ಎಳೆದ ಕೋಣೆಯಲ್ಲಿ ಎರಡು ತಿಂಗಳು. ನಡುವೆ ಒಂದು ದಿನ ಹಗುರವೆನಿಸಿದರೆ ಮನೆ ಒರೆಸಿ, ಬಟ್ಟೆ ಒಗೆದು, ಬಾಕಿಯಿದ್ದ ಲೆಕ್ಕವನ್ನೆಲ್ಲ ಮುಗಿಸುವ ಹಟ. ಸಂಜೆಗೆ ತಲೆ ಸಿಡಿತ, ಮುಂದಿನ ಎರಡು ದಿನ ಹಾಸಿಗೆ. 'ನನ್ನ ಮೆದುಳು ಹಾಳಾಗಿದೆ' ಎನ್ನುವುದಕ್ಕೆ ಅವರ ಪಾಲಿಗೆ ಅದೇ ಸಾಕ್ಷಿ.

ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. "ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕು ಅನ್ಸುತ್ತೆ." ಯೋಜನೆಯೇನೂ ಇರಲಿಲ್ಲ. ಆದರೂ ಅದೇ ವಾರ ಮನೋವೈದ್ಯರನ್ನು ಕಾಣುವಂತೆ ಮಾಡಿ, ಆಕೆಯ ಒಪ್ಪಿಗೆ ಪಡೆದು ಗಂಡನಿಗೂ ತಿಳಿಸಿದೆ.

ಕತ್ತಲೆ ಕೋಣೆಯ ವಿಶ್ರಾಂತಿ ಈಗ ಹಳೆಯ ಸಲಹೆ. ಮೊದಲ 24ರಿಂದ 48 ಗಂಟೆ ಹಗುರವಾಗಿದ್ದು, ಆಮೇಲೆ ಸ್ವಲ್ಪಸ್ವಲ್ಪವೇ ಓಡಾಡಬೇಕು. ಅವರ ವೈದ್ಯರ ಜೊತೆ ಮಾತಾಡಿ ಹೀಗೆ ಗೊತ್ತುಮಾಡಿದೆವು: ಚೆನ್ನಾಗಿರುವ ದಿನವೂ ಕೆಟ್ಟ ದಿನವೂ ಒಂದೇ ಅಳತೆಯ ನಡಿಗೆ. ಶುರುಮಾಡುವ ಮುನ್ನ ತಲೆನೋವಿಗೆ ಹತ್ತರಲ್ಲಿ ಅಂಕ. ಎರಡು ಅಂಕದೊಳಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಹೆದರಬೇಕಿಲ್ಲ. ಮೀರಿದರೆ ನಿಲ್ಲಿಸಿ, ಮರುದಿನ ಕಡಿಮೆ. ಮನೆಯೊಳಗೆ ಕಪ್ಪು ಕನ್ನಡಕ ದಿನದಿನಕ್ಕೆ ಕಡಿಮೆಯಾಗಲಿ. ಏಳುವ ಹೊತ್ತು ತಪ್ಪದಿರಲಿ. ತಲೆಸುತ್ತಿಗೆ ಫಿಸಿಯೋಥೆರಪಿ. ನೋವು ಏಕಾಏಕಿ ಜೋರಾದರೆ, ಪದೇಪದೇ ವಾಂತಿಯಾದರೆ, ಮಾತು ತೊದಲಿದರೆ, ಕೈಕಾಲಿನ ಶಕ್ತಿ ಕುಂದಿದರೆ ಕಾಯದೆ ಆಸ್ಪತ್ರೆಗೆ.

ಗಂಡನಿಗೆ ಹೇಳಿದ್ದು ಒಂದೇ. ಗಂಟೆಗೊಮ್ಮೆ "ತಲೆನೋವು ಹೇಗಿದೆ?" ಎಂದು ಕೇಳುವುದು ಬಿಡಿ, "ಇವತ್ತು ಏನು ಮಾಡಿದೆ?" ಎಂದು ಕೇಳಿ. ಅವರು ರೇಗಿದರೆ ಅಲ್ಲೇ ವಾದಕ್ಕಿಳಿಯದೆ ಟಿವಿ ಆರಿಸಿ, ಅರ್ಧ ಗಂಟೆ ಬಿಟ್ಟು ಮಾತಾಡಿ.

ಈಗ ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಮೊನ್ನೆ ಒಂದು ಮೊತ್ತ ತಪ್ಪಾಗಿ ಕೂಡಿ, ಶೌಚಾಲಯದಲ್ಲಿ ಕೂತು ಅತ್ತರಂತೆ. ಆಮೇಲೆ ವಾಪಸ್ ಬಂದು ತಿದ್ದಿದ್ದಾರೆ. ತಲೆನೋವು ಇಳಿದಿದೆ, ಮನೋವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸಲಾ ಎಂದು ಕೇಳಿದರು. ಅದು ತಲೆನೋವಿಗೆ ಕೊಟ್ಟದ್ದಲ್ಲ, ಅವರನ್ನು ಕೇಳದೆ ಬಿಡಬೇಡಿ ಎಂದಿದ್ದೇನೆ.